ಹಿತ್ತಿಲ ಕೋಳಿಗಳೂ ಊರ ಯಜಮಾನರೂ

ನಮ್ಮ ಹಳ್ಳಿಗಳಲ್ಲಿ ಮನೆಯ ಯಜಮಾನನನ್ನು ಕುರಿತು ದನಗಳೆಷ್ಟು, ಕುರಿಗಳೆಷ್ಟು, ತರಿ ಖುಷ್ಕಿ ಎಷ್ಟೆಷ್ಟು ಎಂದು ಕೇಳಿದರೆ ನಿಂತ ನಿಲುವಿನಲ್ಲಿಯೇ ಉತ್ತರವನ್ನು ಹೇಳುವನು. ಮನೆಯಲ್ಲಿ ಕೋಳಿಗಳೆಷ್ಟು ಎಂದು ಕೇಳಿದರೆ ಮಾತ್ರ ಅವನು ಒಳಬಾಗಿಲ ಕಡೆಗೆ ತಿರುಗಿ ನೋಡುವನು. ಕೋಳಿಯು ಹೆಂಗಸರ ಸೊತ್ತು. ಅದರಿಂದ ಬರುವ ಹಣವು ಮಕ್ಕಳ ಪುಸ್ತಕಕ್ಕೋ, ಸಂತೆಯ ಉಪ್ಪು ಮೆಣಸಿನಕಾಯಿಗೋ, ತವರೂರಿಗೆ ಹೋಗುವ ಬಸ್ಸಿನ ಚೀಟಿಗೋ ಸಂದುಹೋಗುವುದೇ ಹೊರತು ಯಜಮಾನನ ಲೆಕ್ಕದ ಪುಸ್ತಕವನ್ನು ಏರುವುದಿಲ್ಲ. ಲೆಕ್ಕಕ್ಕೆ ಬಾರದ ಸೊತ್ತು ನಷ್ಟವಾದರೆ ಆ ನಷ್ಟವೂ ಲೆಕ್ಕಕ್ಕೆ ಬರುವುದಿಲ್ಲ. ಒಂದು ವಾರದೊಳಗಾಗಿ ಊರಿನ ಕೋಳಿಗಳೆಲ್ಲಾ ಸತ್ತುಹೋದರೂ ಪಂಚಾಯಿತಿಯ ಕಟ್ಟೆಯ ಮೇಲೆ ಆ ಮಾತು ಬಾರದಿರುವುದಕ್ಕೆ ಇದೇ ಕಾರಣವೆಂದು ತೋರುತ್ತದೆ.

ಈ ಸೊತ್ತು ಅಲ್ಪವಾದುದೆಂದು ತಿಳಿಯಲಾಗದು. 2019ನೆಯ ಇಸವಿಯ ಜಾನುವಾರು ಗಣತಿಯಂತೆ ಇಂಡಿಯಾ ದೇಶದಲ್ಲಿದ್ದ ಸುಮಾರು 85 ಕೋಟಿ ಕೋಳಿ ಮೊದಲಾದ ಸಾಕುಪಕ್ಷಿಗಳಲ್ಲಿ 31 ಕೋಟಿಗೆ ಮಿಕ್ಕಿದುವು ಹಿತ್ತಿಲಲ್ಲಿ ಸಾಕಿದವು. 2012ನೆಯ ಇಸವಿಯ ಗಣತಿಗೆ ಹೋಲಿಸಿದರೆ ಇವು ನೂರಕ್ಕೆ ನಲವತ್ತೈದಕ್ಕಿಂತಲೂ ಹೆಚ್ಚಾಗಿ ವೃದ್ಧಿ ಹೊಂದಿದ್ದವು. ದೊಡ್ಡ ದೊಡ್ಡ ಫಾರಂಗಳು ಎದ್ದಿರುವ ಈ ಕಾಲದಲ್ಲಿಯೂ ಹಿತ್ತಿಲ ಕೋಳಿಯು ಅಳಿಯದೆ ಬೆಳೆಯುತ್ತಿರುವುದು ಆಶ್ಚರ್ಯವಲ್ಲ. ಅದಕ್ಕೆ ಬಂಡವಾಳ ಬೇಕಿಲ್ಲ. ಕಣದಲ್ಲಿ ಚೆಲ್ಲಿದ ಕಾಳು, ತಿಪ್ಪೆಯ ಹುಳು, ಅಡಿಗೆಮನೆಯ ಕಸ ಇವನ್ನೇ ತಿಂದು, ಸಂತೆಯಲ್ಲಿ ಫಾರಂ ಮೊಟ್ಟೆಗಿಂತ ಹೆಚ್ಚು ಬೆಲೆಗೆ ಹೋಗುವ ಮೊಟ್ಟೆಯನ್ನು ಅದು ಕೊಡುವುದು. ಭೂಮಿಯಿಲ್ಲದ ಮನೆಗೂ ನಾಲ್ಕು ಹೇಂಟೆಗಳನ್ನು ಇಟ್ಟುಕೊಳ್ಳುವಷ್ಟು ಸ್ಥಳ ಇದ್ದೇ ಇರುವುದು.

ಶಿಂಷಾ ನದಿಯ ಪಕ್ಕದ ಒಂದು ಗ್ರಾಮದಲ್ಲಿ ಕೋಳಿ ಸಾಕುವ ಹೆಂಗಸರು ಹದಿನೈದು ದಿನಕ್ಕೊಮ್ಮೆ ಸಂತೆಯ ಹಿಂದಿನ ಸಾಯಂಕಾಲ ಒಂದು ಮನೆಯ ಜಗಲಿಯ ಮೇಲೆ ಸೇರುವ ವಾಡಿಕೆಯುಂಟು. ಮೊಟ್ಟೆಗಳನ್ನು ಒಟ್ಟುಗೂಡಿಸಿ ಒಬ್ಬಳ ಕೈಯಲ್ಲಿ ಸಂತೆಗೆ ಕಳುಹಿಸುವುದಕ್ಕಾಗಿ ಮೊದಲಾದ ಈ ಕೂಟವು ಈಗ ಕೋಳಿಯ ವಿಷಯವಾದ ಸಕಲ ವಿಚಾರಗಳಿಗೂ ಸ್ಥಾನವಾಗಿದೆ. ಈ ಲೇಖಕನು ಇಲಾಖೆಯ ಕೆಲಸದ ಮೇಲೆ ಆ ಕಡೆಗೆ ಹೋದಾಗ ಕೆಲವು ಸಲ ಆ ಜಗಲಿಯ ತುದಿಯಲ್ಲಿ ಕುಳಿತು ಕೇಳಿರುವನು. ಅಲ್ಲಿ ಕೇಳಿದುದರಲ್ಲಿ ಬಹುಭಾಗವು ನಿಜ; ಕೆಲವು ನಿಜವಲ್ಲ; ಒಂದು ಮಾತಂತೂ ಊರ ಯಜಮಾನರೂ ಜಮೀನುದಾರರೂ ಕೇಳಲೇಬೇಕಾದುದಾಗಿದ್ದಿತು. ಅದನ್ನು ತಿಳಿಸುವುದಕ್ಕಾಗಿಯೇ ಈ ಲೇಖನವು ಹುಟ್ಟಿತು.

ಮೊದಲು ಕಾವಿನ ವಿಚಾರ. ನಾಟಿ ಹೇಂಟೆಯು ಒಂದು ಸಲಕ್ಕೆ ಹನ್ನೆರಡರಿಂದ ಹದಿನೈದು ಮೊಟ್ಟೆಗಳನ್ನಿಟ್ಟು ಕಾವಿಗೆ ಕೂರುವುದು. ಇಪ್ಪತ್ತೊಂದು ದಿನ ಕಾವು, ಆ ಮೇಲೆ ಎರಡು ತಿಂಗಳಷ್ಟು ಕಾಲ ಮರಿಗಳ ಪಾಲನೆ. ಆದಕಾರಣ ವರ್ಷಕ್ಕೆ ಮೂರು ನಾಲ್ಕು ಸೂಲಿಗಿಂತ ಹೆಚ್ಚು ಆಗುವುದಿಲ್ಲ, ಮೊಟ್ಟೆಯು ಐವತ್ತು ಅರುವತ್ತಕ್ಕೆ ಮೇಲೇರುವುದಿಲ್ಲ. ಕಾವಿಗೆ ಇಡುವ ಮೊಟ್ಟೆಗಳ ಆಯ್ಕೆಯಲ್ಲಿ ಆ ಜಗಲಿಯ ಹಿರಿಯಳೊಬ್ಬಳಿಗೆ ಸರಿಸಮಾನರಿಲ್ಲ. ಆಕೆಯು ಹೇಳಿದುದಿಷ್ಟು: ಹೊಸದಾಗಿ ಇಡಲು ಮೊದಲುಮಾಡಿದ ಪಿಳ್ಳೆಗೋಳಿಯ ಮೊಟ್ಟೆ ಬೇಡ, ಬಹು ದೊಡ್ಡದೂ ಬೇಡ, ಬಹು ಚಿಕ್ಕದೂ ಬೇಡ, ಬಿರುಕಿನದು ಸರ್ವಥಾ ಬೇಡ, ಇಟ್ಟು ಒಂದು ವಾರವಾದ ಮೊಟ್ಟೆಯನ್ನು ಮಾರಿಬಿಡಬೇಕು, ಬೇಸಗೆಯಲ್ಲಾದರೆ ನಾಲ್ಕೈದು ದಿನಕ್ಕೇ ಮಾರಬೇಕು. ಮೊಟ್ಟೆಗಳನ್ನು ಚೂಪು ತುದಿ ಕೆಳಗಾಗಿ ರಾಗಿಯ ಮಡಕೆಯಲ್ಲಿ ಹೂತು ತಂಪಾದ ಮೂಲೆಯಲ್ಲಿ ಇಡುವಳು. ಇದರಲ್ಲಿ ತಿದ್ದತಕ್ಕದ್ದು ಯಾವುದೂ ಇಲ್ಲ. ಕಾಲೇಜಿನಲ್ಲಿ ಓದಿದವರೂ ಇದನ್ನೇ ಹೇಳುವರು. ಚೂಪು ತುದಿ ಕೆಳಗಿದ್ದರೆ ಮೊಟ್ಟೆಯೊಳಗಿನ ಗಾಳಿಯ ಗೂಡು ಮೇಲ್ಗಡೆ ನಿಲ್ಲುವುದು, ಭ್ರೂಣಕ್ಕೆ ಹಾನಿಯಾಗುವುದಿಲ್ಲ.

ಆದರೆ ಅದೇ ಹಿರಿಯಳು ಉದ್ದನೆಯ ಮೊಟ್ಟೆಗಳಿಂದ ಹುಂಜಗಳೂ ಗುಂಡಗಿನ ಮೊಟ್ಟೆಗಳಿಂದ ಹೇಂಟೆಗಳೂ ಹುಟ್ಟುವವೆಂದು ಬೇರೆ ಬೇರೆ ಮಾಡಿ ಇಡುತ್ತಿದ್ದಳು. ಇದು ಸರಿಯಲ್ಲ. ಮರಿಯ ಲಿಂಗವು ತಾಯಿಯ ಒಡಲಿನಲ್ಲಿಯೇ ನಿಶ್ಚಯವಾಗಿರುವುದು. ಚಿಪ್ಪಿನ ಆಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಗುಡುಗಿಗೆ ಮೊಟ್ಟೆಗಳು ಕೆಡುವುವೆಂದು ಗೂಡಿನಲ್ಲಿ ಕಬ್ಬಿಣದ ಚೂರನ್ನೂ ಇದ್ದಿಲನ್ನೂ ಒಣಮೆಣಸಿನಕಾಯಿಯನ್ನೂ ಇಡುವುದು ಎಲ್ಲ ಕಡೆಗೂ ರೂಢಿಯಲ್ಲಿದೆ. ಅದರಿಂದ ಲಾಭವಿಲ್ಲದಿದ್ದರೂ ನಷ್ಟವಿಲ್ಲ. ಹೇಳಿ ಜಗಳ ಕಾಯುವುದರಲ್ಲಿ ಪ್ರಯೋಜನವಿಲ್ಲವೆಂದು ನಾನು ಸುಮ್ಮನಿದ್ದೆನು. ಗೂಡಿನ ತಳಕ್ಕೆ ಬೂದಿಯನ್ನು ಹರಡಿ ಅದರ ಮೇಲೆ ಲಕ್ಕಿಯ ಸೊಪ್ಪನ್ನೋ ಬೇವಿನ ಸೊಪ್ಪನ್ನೋ ಹಾಕಿ, ಮೇಲೆ ಹುಲ್ಲಿಡುವುದು ಮಾತ್ರ ಬಹಳ ಒಳ್ಳೆಯ ಪದ್ಧತಿ. ಹೇನು ಹತ್ತಿದ ಕಾವುಗೋಳಿಯು ಗೂಡಿನಲ್ಲಿ ನಿಲ್ಲದೆ ಎದ್ದೆದ್ದು ಹೋಗುವುದರಿಂದ ಮೊಟ್ಟೆಗಳು ತಣ್ಣಗಾಗಿ ಕೆಡುವುವು. ಅನೇಕರು ಇದನ್ನೇ ಗುಡುಗಿನ ದೋಷವೆಂದು ಎಣಿಸಿಕೊಂಡಿರುವರೆಂದು ನನ್ನ ಊಹೆ.

ಅದೇ ಕೂಟದಲ್ಲಿ ಹೈಸ್ಕೂಲು ಓದಿದ ಒಬ್ಬ ಸೊಸೆಯು ಏಳನೆಯ ದಿನದ ರಾತ್ರಿ ಮೊಟ್ಟೆಗಳನ್ನು ದೀಪಕ್ಕೆ ಹಿಡಿದು ನೋಡುವ ಕ್ರಮವನ್ನು ತಂದಳು. ಒಂದು ರಟ್ಟಿನಲ್ಲಿ ಮೊಟ್ಟೆಗಿಂತ ಸ್ವಲ್ಪ ಚಿಕ್ಕದಾದ ತೂತನ್ನು ಮಾಡಿ, ತೂತಿಗೆ ಮೊಟ್ಟೆಯನ್ನು ಹೊಂದಿಸಿ, ಹಿಂದಿನಿಂದ ಟಾರ್ಚಿನ ಬೆಳಕನ್ನು ಬಿಟ್ಟರೆ ಜೀವವಿರುವ ಮೊಟ್ಟೆಯಲ್ಲಿ ಜೇಡರ ಹುಳುವಿನ ಕಾಲುಗಳಂತೆ ಕೆಂಪು ನರಗಳು ಕಾಣಿಸುವುವು; ಬರಿಯ ಮೊಟ್ಟೆಯು ಸ್ವಚ್ಛವಾಗಿ ಕಾಣುವುದು. ಅಂಥವನ್ನು ತೆಗೆದುಬಿಟ್ಟರೆ ಹೇಂಟೆಯ ಕಾವು ವ್ಯರ್ಥವಾಗುವುದಿಲ್ಲ. ಅತ್ತೆಯಾದವಳು ಮೊದಲು ಇದನ್ನು ಅಪಶಕುನವೆಂದು ಬಯ್ದಳಂತೆ. ಈಗ ಏಳನೆಯ ರಾತ್ರಿ ತಾನೇ ಟಾರ್ಚನ್ನು ಹುಡುಕುವಳು.

ಹುಟ್ಟಿದ ಹತ್ತು ಮರಿಗಳಲ್ಲಿ ದೊಡ್ಡವಾಗುವುವು ಮೂರೋ ನಾಲ್ಕೋ ಎಂಬುದು ಎಲ್ಲರ ಅಳಲು. ಹದ್ದು, ಕಾಗೆ, ಮುಂಗುಸಿ, ಬೆಕ್ಕು, ಅಕಾಲದ ಮಳೆ ಇವೆಲ್ಲವೂ ಪಾಲಿಗೆ ಬರುವುವು. ಮೊದಲ ಮೂರು ವಾರ ಮರಿಗಳನ್ನು ತಾಯಿಯೊಡನೆ ಹೊರಗೆ ಬಿಡದೆ ದೊಡ್ಡ ಮಂಕರಿಯ ಕೆಳಗೋ, ಹಳೆಯ ಮೀನಿನ ಬಲೆಯನ್ನು ಮೇಲೆ ಹೊದಿಸಿದ ಬೇಲಿಯೊಳಗೋ ಇಟ್ಟವರು ಹತ್ತಕ್ಕೆ ಏಳನ್ನು ಉಳಿಸಿಕೊಂಡಿರುವುದನ್ನು ಆ ಊರಿನಲ್ಲಿ ಕಂಡೆನು. ಒಳಗಿಟ್ಟ ಮರಿಗೆ ಮೇವು ಕೊಡಬೇಕಾಗುವುದಷ್ಟೆ. ಅದಕ್ಕೆ ಅವರು ಮಾಡುವ ಉಪಾಯವು ಹಣದ ಖರ್ಚಿಲ್ಲದ್ದು: ಒಡಕು ಮಡಕೆಯೊಂದಕ್ಕೆ ಒಣಹುಲ್ಲು, ಹಳೆಯ ಬೆರಣಿಯ ಚೂರು, ತೆಂಗಿನ ನಾರು ಇವನ್ನು ತುಂಬಿ, ನೀರು ಚಿಮುಕಿಸಿ, ಸಾಯಂಕಾಲ ಗೆದ್ದಲಿರುವ ಸ್ಥಳದಲ್ಲಿ ಬೋರಲು ಹಾಕುವರು. ಬೆಳಗಿನೊಳಗೆ ಮಡಕೆಯ ತುಂಬ ಗೆದ್ದಲು ಸೇರಿರುವುದು. ಅದನ್ನು ಮರಿಗಳ ಮುಂದೆ ಕೊಡವಿದರೆ ಮಾಂಸಖಂಡ ಬೆಳೆಯುವುದಕ್ಕೆ ಬೇಕಾದ ಸಾರವು ಸಿಗುವುದು. ಒಡೆದ ರಾಗಿ, ನವಣೆ, ನುಚ್ಚು ಇವು ಮಿಕ್ಕ ಆಹಾರ. ಮೊಟ್ಟೆಯಿಡುವ ಹೇಂಟೆಗೆ ಸುಣ್ಣದ ಅಂಶ ಸಾಲದೆ ತೆಳುಚಿಪ್ಪಿನ ಮೊಟ್ಟೆ ಬಿದ್ದಾಗ ಕಪ್ಪೆಚಿಪ್ಪನ್ನೋ ಮೊಟ್ಟೆಯ ಚಿಪ್ಪನ್ನೋ ಪುಡಿಮಾಡಿ ಕೊಡುವರು. ಚಿಪ್ಪನ್ನು ಹಾಗೆಯೇ ಎಸೆಯಕೂಡದು. ರುಚಿ ಹತ್ತಿದ ಕೋಳಿಯು ತನ್ನ ಮೊಟ್ಟೆಯನ್ನು ತಾನೇ ಒಡೆದು ತಿನ್ನುವುದನ್ನು ಕಲಿಯುವುದು.

ಗೂಡಿನ ವಿಷಯವಾಗಿ ಒಂದೇ ಮಾತು ಸಾಕು. ಹಳೆಯ ಹಲಗೆಯ ಸಂದುಗಳಲ್ಲಿ ಹಗಲೆಲ್ಲಾ ಅಡಗಿದ್ದು ರಾತ್ರಿ ಹೊರಟು ರಕ್ತ ಹೀರುವ ಉಣ್ಣೆಗಳನ್ನು ಎಷ್ಟೋ ಮಂದಿ ಕಂಡೇ ಇಲ್ಲ. ಕೋಳಿಗಳ ಜುಟ್ಟು ಬಿಳಿಚಿಕೊಂಡು ಅವು ಸೊರಗುತ್ತಿದ್ದರೆ ರಾತ್ರಿ ಹತ್ತು ಗಂಟೆಗೆ ದೀಪ ಹಿಡಿದು ಗೂಡಿನ ಸಂದುಗಳನ್ನು ನೋಡಬೇಕು. ಸಂದುಗಳಿಗೆ ಬೆಂಕಿಯ ಜ್ವಾಲೆ ತೋರಿಸಿ ಸುಣ್ಣ ಬಳಿದರೆ ಬಹುಮಟ್ಟಿಗೆ ನಿವಾರಣೆಯಾಗುವುದು.

ಜಮೀನುದಾರರಲ್ಲಿ ಕೆಲವರು ಸುಧಾರಿಸಿದ ತಳಿಗಳನ್ನು ತರುವುದರಿಂದಲೇ ಎಲ್ಲವೂ ಸರಿಹೋಗುವುದೆಂದು ನಂಬಿರುವರು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರಾ, ಹೈದರಾಬಾದಿನಲ್ಲಿ ರೂಪಿಸಿದ ವನರಾಜ, ಗ್ರಾಮಪ್ರಿಯ ಇವು ಒಳ್ಳೆಯ ತಳಿಗಳೇ ಸರಿ. ಗಿರಿರಾಜ ಹೇಂಟೆಯು ವರ್ಷಕ್ಕೆ 130ರಿಂದ 150 ಮೊಟ್ಟೆಗಳನ್ನಿಡುವುದು. ಸ್ವರ್ಣಧಾರಾ ಇನ್ನೂ ಹೆಚ್ಚು ಇಡುವುದು. ಮೈಬಣ್ಣವೂ ನಾಟಿಕೋಳಿಯಂತೆ ಇರುವುದರಿಂದ ಸಂತೆಯಲ್ಲಿ ಗಿರಾಕಿಗಳುಂಟು. ಆದರೆ ಜಗಲಿಯ ಕೂಟದಲ್ಲಿ ಈ ಮಾತು ಬಂದಾಗ ಒಬ್ಬಳು, “ಅದು ಕಾವಿಗೆ ಕೂರುವುದಿಲ್ಲ, ನಾಯಿ ಬಂದರೆ ಮರ ಹತ್ತುವುದಿಲ್ಲ, ಮುಂದಿನ ಸಲಕ್ಕೆ ನಾನು ಮತ್ತೆ ದುಡ್ಡು ಕೊಟ್ಟು ಮರಿ ತರಬೇಕು” ಎಂದು ಹೇಳಿದಳು. ಮೂರು ಆಕ್ಷೇಪಣೆಗಳೂ ನ್ಯಾಯವಾದವೇ. ಮಿಶ್ರತಳಿಯ ಮೊಟ್ಟೆಯನ್ನೇ ಮರಿಮಾಡಿಸಿದರೆ ಮುಂದಿನ ಪೀಳಿಗೆಯಲ್ಲಿ ಆ ಗುಣವು ಹಾಗೆಯೇ ಉಳಿಯುವುದಿಲ್ಲ. ಅವರು ಕಂಡುಕೊಂಡ ಮಾರ್ಗವೇನೆಂದರೆ, ನಾಟಿ ಹೇಂಟೆಗಳನ್ನು ಬಿಡದೆ, ಒಂದು ಹೇಂಟೆಯು ಮರಿಮಾಡಿದ ದಿನದ ರಾತ್ರಿ ಕತ್ತಲಲ್ಲಿ ಹೊಸದಾಗಿ ಕೊಂಡುತಂದ ಒಂದು ದಿನದ ಗಿರಿರಾಜ ಮರಿಗಳನ್ನು ಅದರ ರೆಕ್ಕೆಯ ಕೆಳಗೆ ಸೇರಿಸಿಬಿಡುವುದು. ಬೆಳಗಾದರೆ ಅದಕ್ಕೆ ತನ್ನವೂ ಪರರವೂ ಒಂದೇ.

ಇಷ್ಟೆಲ್ಲಾ ಜಾಣತನವೂ ಒಂದೇ ವಾರದಲ್ಲಿ ಮಣ್ಣುಪಾಲಾಗುವುದನ್ನು ನಾನು ಅದೇ ಊರಿನಲ್ಲಿ ಕಂಡಿರುವೆನು. ಮಾರಿಹಬ್ಬಕ್ಕೆ ಹತ್ತು ದಿನಗಳಿದ್ದಾಗ ಊರಿನ ಕೆಳಗಣ ಬೀದಿಯ ಒಂದು ಮನೆಯವರು ನೆಂಟರ ಊಟಕ್ಕೆಂದು ಸಂತೆಯಿಂದ ಎರಡು ಹುಂಜಗಳನ್ನು ತಂದು ತಮ್ಮ ಕೋಳಿಗಳ ಸಂಗಡ ಬಿಟ್ಟರು. ಹುಂಜಗಳು ನೋಡುವುದಕ್ಕೆ ಚೆನ್ನಾಗಿಯೇ ಇದ್ದವು. ನಾಲ್ಕನೆಯ ದಿನ ಒಂದು ಹುಂಜವು ಬಾಯ್ದೆರೆದು ಉಸಿರಿಗಾಗಿ ಕೊಸರಾಡಿತು. ಹಸಿರು ಬೆರೆತ ಬಿಳಿಯ ಭೇದಿಯಾಯಿತು. ಆ ಮನೆಯ ಕೋಳಿಗಳು ಒಂದೊಂದಾಗಿ ಕತ್ತನ್ನು ತಿರುಚಿಕೊಂಡು, ರೆಕ್ಕೆ ಇಳಿಬಿಟ್ಟು, ಇದ್ದಲ್ಲಿಯೇ ಸುತ್ತತೊಡಗಿದವು. ಹಬ್ಬದ ದಿನದ ಹೊತ್ತಿಗೆ ಬೀದಿಯೆಲ್ಲಾ ಹರಡಿತು. ನೆರೆಮನೆಯವರಲ್ಲಿ ಕೆಲವರು, ಸತ್ತು ನಷ್ಟವಾಗುವುದಕ್ಕಿಂತ ಬಂದಷ್ಟು ಬರಲೆಂದು, ಇನ್ನೂ ನಿಂತಿದ್ದ ಕೋಳಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಮುಂದಿನ ಸಂತೆಗೆ ಹೊತ್ತರು. ಅವು ಯಾವ ಯಾವ ಊರಿಗೆ ಹೋದವೋ ಬಲ್ಲವರಿಲ್ಲ. ಮೊಟ್ಟೆಗಳನ್ನು ರಾಗಿಯಲ್ಲಿ ಹೂತಿಡುತ್ತಿದ್ದ ಆ ಹಿರಿಯಳ ಮನೆಯಲ್ಲಿ ಹತ್ತೊಂಬತ್ತು ಕೋಳಿಗಳಿದ್ದವು. ಉಳಿದದ್ದು ಒಂದು ಹೇಂಟೆ. ಅದೂ ಕತ್ತು ಸೊಟ್ಟಾಗಿ, ಕಾಳನ್ನು ಕುಕ್ಕಲಾರದೆ ನೆಲವನ್ನು ಕುಕ್ಕುತ್ತಿತ್ತು. ಆ ವರ್ಷ ಮೊಮ್ಮಗಳ ಕಾಲೇಜಿನ ಫೀಜಿಗೆಂದು ಆಕೆಯು ಕಟ್ಟಿಕೊಂಡಿದ್ದ ಲೆಕ್ಕವೆಲ್ಲಾ ಆ ಕೋಳಿಗಳ ಮೇಲೆಯೇ ಇದ್ದಿತು.

ಇದು ನಮ್ಮ ಜನರು ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ರೋಗ. ಕುಮಾವೂನ್ ಪರ್ವತಪ್ರಾಂತ್ಯದ ರಾಣಿಖೇತ್ ಎಂಬಲ್ಲಿ 1927ನೆಯ ಇಸವಿಯಲ್ಲಿ ಇದನ್ನು ಗುರುತಿಸಿದುದರಿಂದ ಈ ದೇಶದಲ್ಲಿ ಆ ಹೆಸರು ಬಂದಿತು. ಅದರ ಹಿಂದಿನ ವರ್ಷ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿ ಕಂಡುಬಂದುದರಿಂದ ಹೊರದೇಶಗಳಲ್ಲಿ ನ್ಯೂಕ್ಯಾಸಲ್ ರೋಗವೆನ್ನುವರು. ಇದು ವೈರಸ್ಸಿನಿಂದ ಬರತಕ್ಕದ್ದು. ತಗುಲಿದ ಮೇಲೆ ಇದಕ್ಕೆ ಮದ್ದಿಲ್ಲ. ಬೆಳ್ಳುಳ್ಳಿ, ಅರಿಸಿನ, ಈರುಳ್ಳಿ ಇವು ನೆಗಡಿಗೆ ಹಿತವಾದಾವು, ಕೊಕ್ಕರೆ ರೋಗವನ್ನು ನಿಲ್ಲಿಸಲಾರವು. ರಕ್ಷಣೆಯಿಲ್ಲದ ಹಿಂಡಿಗೆ ಉಗ್ರವಾದ ಬಗೆಯು ತಗುಲಿದರೆ ನೂರಕ್ಕೆ ತೊಂಬತ್ತರಷ್ಟು ಸತ್ತರೂ ಸಾಯಬಹುದು. ರೋಗವು ಒಳಹೊಕ್ಕ ಮೇಲೆ ಹೊರಗೆ ಕಾಣುವುದಕ್ಕೆ ಸಾಧಾರಣವಾಗಿ ಐದಾರು ದಿನಗಳು, ಕೆಲವು ವೇಳೆ ಎರಡು ವಾರಗಳೂ ಬೇಕಾಗುವುದರಿಂದ ಸಂತೆಯಲ್ಲಿ ಚೆನ್ನಾಗಿ ಕಾಣುವ ಕೋಳಿಯನ್ನು ನಂಬುವಂತಿಲ್ಲ. ಸಂಕ್ರಾಂತಿಯಿಂದ ಯುಗಾದಿ ದಾಟುವವರೆಗೆ ಒಂದು ಕಡೆ ಊರಹಬ್ಬಗಳೂ ಜಾತ್ರೆಗಳೂ ಸಾಲಾಗಿ ಬರುವುವು. ಊರಿನಿಂದ ಊರಿಗೆ ಕೋಳಿಗಳು ಬುಟ್ಟಿಯಲ್ಲಿ ಸಂಚರಿಸುವುವು. ಬೇಸಗೆಯಲ್ಲಿ ಈ ರೋಗವು ಹೆಚ್ಚಾಗಿ ಹಬ್ಬುವುದಕ್ಕೆ ಅಮ್ಮನ ಕೋಪವನ್ನು ಕಾರಣವಾಗಿ ಹೇಳುವವರು ಈ ಬುಟ್ಟಿಗಳ ಲೆಕ್ಕವನ್ನೊಮ್ಮೆ ಹಾಕಿ ನೋಡಬೇಕು.

ಲಸಿಕೆಯಿಲ್ಲವೇ ಎಂದರೆ, ಉಂಟು. ನಿನ್ನೆ ಮೊನ್ನೆಯದೂ ಅಲ್ಲ. ಮುಕ್ತೇಶ್ವರದ ಸಂಶೋಧನಾಲಯದಲ್ಲಿ 1940ರ ದಶಕದಲ್ಲಿ ರೂಪಿಸಿದ ಲಸಿಕೆಯು ಆರ್ ಟೂ ಬಿ ಎಂಬ ಹೆಸರಿನಿಂದ ಇಂದಿಗೂ ನಡೆಯುತ್ತಿದೆ. ಮರಿಗೆ ಐದರಿಂದ ಏಳು ದಿನಗಳಾದಾಗ ಎಫ್ ಅಥವಾ ಲಸೋಟಾ ಬಗೆಯ ಸೌಮ್ಯವಾದ ಲಸಿಕೆಯ ಒಂದು ತೊಟ್ಟನ್ನು ಕಣ್ಣಿಗೋ ಮೂಗಿಗೋ ಬಿಡತಕ್ಕದ್ದು. ಆರರಿಂದ ಎಂಟು ವಾರಗಳಾದಾಗ ಆರ್ ಟೂ ಬಿ ಲಸಿಕೆಯನ್ನು ರೆಕ್ಕೆಯ ಬಳಿ ಚರ್ಮದಡಿಯಲ್ಲಿ ಸೂಜಿಯಿಂದ ಹಾಕತಕ್ಕದ್ದು. ಆರು ವಾರಕ್ಕಿಂತ ಎಳೆಯವಾದ ಮರಿಗಳಿಗೆ ಈ ಎರಡನೆಯದನ್ನು ಹಾಕಿದರೆ ಹಾನಿಯುಂಟು. ಹೀಗಿದ್ದರೂ ಎಂಬತ್ತು ವರ್ಷಗಳಿಂದ ಇರುವ ಈ ರಕ್ಷಣೆಯು ಹಿತ್ತಿಲ ಕೋಳಿಗೆ ಏಕೆ ಮುಟ್ಟಿಲ್ಲ?

ಉತ್ತರವನ್ನು ಆ ಜಗಲಿಯ ಮೇಲೆ ಕೇಳಿದೆನು. ಈ ಲೇಖನದ ಮೊದಲಲ್ಲಿ ಸೂಚಿಸಿದ ಮಾತು ಇದೇ. ಹೈಸ್ಕೂಲು ಓದಿದ ಆ ಸೊಸೆಯು ಕೇಳಿದಳು: “ನನಗಿರುವುದು ಎಂಟು ಕೋಳಿ. ಔಷಧದ ಸೀಸೆ ಒಡೆದರೆ ನೂರು ಕೋಳಿಗೆ. ನೂರು ಕೋಳಿಯ ಸೀಸೆ ತಂದು ಎಂಟಕ್ಕೆ ಹಾಕಿ ಉಳಿದದ್ದನ್ನು ಚೆಲ್ಲಲೋ? ಚೆಲ್ಲಿದರೂ ಪಕ್ಕದ ಮನೆಯವಳ ಕೋಳಿ ಬಂದು ನನ್ನ ತಿಪ್ಪೆಯನ್ನೇ ಕೆದಕುತ್ತದೆ.” ಇಷ್ಟು ಚೆನ್ನಾಗಿ ನಾನು ಹೇಳಲಾರೆ. ಸೀಸೆಯಲ್ಲಿ ಸಾಮಾನ್ಯವಾಗಿ 100 ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗಾಗುವಷ್ಟು ಲಸಿಕೆಯಿರುವುದು. ನೀರು ಬೆರೆಸಿದ ಮೇಲೆ ಎರಡು ಗಂಟೆಗಳೊಳಗಾಗಿ ಮುಗಿಸಬೇಕು. ಅಲ್ಲಿಯವರೆಗೆ ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿ ಇರಿಸಬೇಕು. ಫಾರಮ್ಮಿನವನಿಗೆ ಇದು ಕಷ್ಟವಲ್ಲ, ಅವನ ಹತ್ತು ಸಾವಿರ ಕೋಳಿಗಳು ಒಂದೇ ಮನೆಯಲ್ಲಿರುವುವು. ಹಳ್ಳಿಯ ಒಬ್ಬೊಬ್ಬ ಹೆಂಗಸಿಗೆ ಇದು ಸಾಧ್ಯವೇ ಇಲ್ಲ. ಊರಿಗೆ ಮಾತ್ರ ಸಾಧ್ಯ. ಊರನ್ನು ಒಂದು ದಿನಕ್ಕೆ ಒಂದು ಕೆಲಸಕ್ಕೆ ಕೂಡಿಸುವ ಅಧಿಕಾರವು ಜಗಲಿಯ ಮೇಲಿನ ಹೆಂಗಸರಿಗಿಲ್ಲ, ಯಜಮಾನರಿಗೆ ಉಂಟು.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಿಬಿಡುವೆನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಊರಿಗೆ ಲಸಿಕೆಯ ಸೀಸೆಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋದೆನು. ಮಂಜುಗಡ್ಡೆಯು ದಾರಿಯಲ್ಲಿಯೇ ಕರಗಿದ್ದಿತು. ಬಂದ ಕೆಲಸ ಕೆಡಬಾರದೆಂದು, ತಿಳಿದೂ ತಿಳಿದೂ, ಇನ್ನೂರು ಮುನ್ನೂರು ಕೋಳಿಗಳಿಗೆ ಹಾಕಿಸಿದೆನು. ಒಂದೂವರೆ ತಿಂಗಳಿಗೆ ರೋಗವು ಬಂದು ಸೂಜಿ ಹಾಕಿಸಿಕೊಂಡವೂ ಹಾಕಿಸಿಕೊಳ್ಳದವೂ ಸಮನಾಗಿ ಸತ್ತವು. ಆ ಊರಿನವರು ಆ ಮೇಲೆ ಎಷ್ಟೋ ವರ್ಷ ಸೂಜಿಮದ್ದಿಗೆ ಬಾಗಿಲು ತೆರೆಯಲಿಲ್ಲ, ಅವರನ್ನು ತಪ್ಪೆನ್ನಲಾರೆನು. ಬಿಸಿಲಿಗೆ ಸಿಕ್ಕಿದ ಲಸಿಕೆಯು ನೀರಿಗೆ ಸಮಾನ. ಇನ್ನೊಂದು ಬಗೆಯ ಅಪನಂಬಿಕೆಯೂ ಉಂಟು: “ಸೂಜಿ ಹಾಕಿದ ಮೂರನೆಯ ದಿನಕ್ಕೇ ಸತ್ತವು” ಎಂಬುದು. ಪಕ್ಕದ ಬೀದಿಗೆ ರೋಗ ಬಂದ ಮೇಲೆ ಸೂಜಿಯನ್ನು ಹುಡುಕಿಕೊಂಡು ಬರುವವರ ಅನುಭವವಿದು. ಆಗಲೇ ರೋಗವು ಒಳಹೊಕ್ಕಿರುವುದರಿಂದ ಕೋಳಿಯು ಸಾಯುವುದು, ಹೆಸರು ಸೂಜಿಗೆ ಬರುವುದು. ಲಸಿಕೆಯ ಬಲವು ಮೈಗೆ ಹತ್ತುವುದಕ್ಕೆ ಎರಡು ಮೂರು ವಾರ ಬೇಕು. ಆದಕಾರಣ ಹಬ್ಬಕ್ಕೆ ಒಂದು ತಿಂಗಳ ಮುಂಚೆ ಹಾಕಿಸಬೇಕು, ಹಬ್ಬದ ವಾರದಲ್ಲಲ್ಲ.

ಶಿಂಷಾ ಪಕ್ಕದ ಆ ಊರಿನಲ್ಲಿ ಮಾರನೆಯ ವರ್ಷ ನಡೆದುದನ್ನು ಹೇಳುವೆನು. ಪಂಚಾಯಿತಿಯ ಸದಸ್ಯರೂ ಆಗಿದ್ದ ಒಬ್ಬ ಜಮೀನುದಾರರು, ತಾವು ಕೋಳಿ ಸಾಕದವರು, ಮೊಟ್ಟೆಯನ್ನು ಮುಟ್ಟದವರು, ಹಿಂದಿನ ವರ್ಷ ಸತ್ತ ಕೋಳಿಗಳನ್ನು ತಮ್ಮ ಹೊಲದ ಬದುವಿನಲ್ಲಿ ನಾಯಿಗಳು ಎಳೆದಾಡುತ್ತಿದ್ದುದನ್ನು ಕಂಡು ಬೇಸರಗೊಂಡಿದ್ದರು. ಅವರು ಮಾಡಿದುದು ಹೆಚ್ಚೇನೂ ಅಲ್ಲ. ಸ್ವಸಹಾಯ ಸಂಘದ ಹೆಂಗಸರಿಂದ ಮನೆ ಮನೆಯ ಕೋಳಿಗಳ ಪಟ್ಟಿಯನ್ನು ಬರೆಯಿಸಿದರು. ಆರು ವಾರ ಮೀರಿದುವು ಒಂದು ಕಾಲಂ, ಮರಿಗಳು ಒಂದು ಕಾಲಂ. ಪಟ್ಟಿಯನ್ನು ತಾವೇ ಪಶುವೈದ್ಯ ಶಾಲೆಗೆ ಕೊಟ್ಟು ದಿನವನ್ನು ಗೊತ್ತುಮಾಡಿಕೊಂಡು ಬಂದರು. ಹಿಂದಿನ ರಾತ್ರಿ ಡೋಲು ಬಾರಿಸಿ ಬೆಳಿಗ್ಗೆ ಕೋಳಿಗಳನ್ನು ಗೂಡಿನಿಂದ ಬಿಡಕೂಡದೆಂದು ಸಾರಿಸಿದರು. ಈ ಒಂದು ಸಂಗತಿಯಿಂದಲೇ ಕೆಲಸವು ಅರ್ಧವಾದಂತೆ. ಬಿಟ್ಟ ಕೋಳಿಯನ್ನು ಹಿಡಿಯುವುದಕ್ಕೆ ಹೊರಟರೆ ಸೀಸೆಯ ಎರಡು ಗಂಟೆಗಳು ಓಡಾಟದಲ್ಲಿಯೇ ತೀರುವುವು. ನಸುಕಿನಲ್ಲಿ ಐದೂವರೆಗೆ ಆರಂಭಿಸಿ ಬಿಸಿಲೇರುವ ಮೊದಲು ಮುಗಿಸಿದರು. ಒಂದು ಸೀಸೆ ಮುಗಿಯುವವರೆಗೆ ಇನ್ನೊಂದನ್ನು ಒಡೆಯಲಿಲ್ಲ. ತೂಕಡಿಸುತ್ತಿದ್ದ, ಮೇವು ಬಿಟ್ಟಿದ್ದ ಕೋಳಿಗಳಿಗೆ ಹಾಕಲಿಲ್ಲ. ಹದಿನೈದು ದಿನ ಮುಂಚೆ ಜಂತುಹುಳುವಿನ ಔಷಧವನ್ನೂ ಕೊಡಿಸಿದ್ದರು. ಮೊಟ್ಟೆಯಿಡುತ್ತಿದ್ದ ಹೇಂಟೆಗಳಲ್ಲಿ ಕೆಲವು ಕೆಲವು ದಿನ ಮೊಟ್ಟೆಯನ್ನು ನಿಲ್ಲಿಸುವುವೆಂದು ಮೊದಲೇ ಹೇಳಿದ್ದುದರಿಂದ ಗಲಾಟೆಯಾಗಲಿಲ್ಲ. ಖರ್ಚು ಒಂದೊಂದು ಮನೆಗೆ ಒಂದೆರಡು ಮೊಟ್ಟೆಗಳ ಬೆಲೆಯನ್ನು ಮೀರಲಿಲ್ಲ.

ಆ ಬೇಸಗೆಯಲ್ಲಿ ಸುತ್ತಲ ಎರಡು ಊರುಗಳಿಗೆ ರೋಗವು ಬಂದಿತು. ಈ ಊರಿನಲ್ಲಿ ಪಟ್ಟಿಗೆ ಹೆಸರು ಕೊಡದೆ ಉಳಿದಿದ್ದ ಮೂರು ಮನೆಗಳಲ್ಲಿ ಕೋಳಿಗಳು ಸತ್ತವು. ಮಿಕ್ಕ ಕಡೆ ಸಾವು ಬಹಳ ಕಡಮೆ. ಇದರಿಂದಲೇ ಎಲ್ಲವೂ ಸಿದ್ಧವಾಯಿತೆಂದು ನಾನು ಹೇಳುವುದಿಲ್ಲ. ಒಂದು ಊರಿನ ಒಂದು ವರ್ಷದ ಮಾತಿದು. ಆದರೆ ಬೇರೆ ದೇಶಗಳಲ್ಲಿಯೂ ಇದೇ ದಾರಿಯನ್ನು ಹಿಡಿದಿರುವರು. ಆಫ್ರಿಕಾ ಖಂಡದ ಮೊಜಾಂಬಿಕ್, ತಾಂಜಾನಿಯಾ ಮುಂತಾದ ಕಡೆ, ಆಸ್ಟ್ರೇಲಿಯಾದಲ್ಲಿ ರೂಪಿಸಿದ, ಸೆಕೆಯನ್ನು ತಕ್ಕಮಟ್ಟಿಗೆ ತಾಳಬಲ್ಲ ಐ ಟೂ ಎಂಬ ಲಸಿಕೆಯನ್ನು ಹಳ್ಳಿಯವರೇ ನಾಲ್ಕು ತಿಂಗಳಿಗೊಮ್ಮೆ ಗೊತ್ತಾದ ದಿನಗಳಲ್ಲಿ ಮನೆಮನೆಗೆ ಹೋಗಿ ಕೋಳಿಯ ಕಣ್ಣಿಗೆ ತೊಟ್ಟು ತೊಟ್ಟಾಗಿ ಬಿಡುವರು. ಅಲ್ಲಿಯೂ ಜಯವು ಔಷಧದ್ದೆಷ್ಟೋ ದಿನವನ್ನು ಗೊತ್ತುಮಾಡಿದ ಕಟ್ಟುಪಾಡಿನದೂ ಅಷ್ಟೇ.

ಕಟ್ಟುಪಾಡಿನ ಮಾತು ಬಂದುದರಿಂದ ಯಜಮಾನರು ಊರಿನಲ್ಲಿ ನಡೆಸಬಹುದಾದ ಮತ್ತೆ ಎರಡು ಸಂಗತಿಗಳನ್ನು ಹೇಳಬೇಕು. ಹೊರಗಿನಿಂದ ತಂದ ಕೋಳಿಯನ್ನು ಎರಡು ಮೂರು ವಾರ ಮಂಕರಿಯ ಕೆಳಗೆ ಬೇರೆ ಇಡತಕ್ಕದ್ದು. ಹಬ್ಬದ ಊಟಕ್ಕೆ ತಂದುದಾದರೆ ಊಟದ ದಿನವೇ ತರತಕ್ಕದ್ದು. ಕಾಯಿಲೆಯ ಹಿಂಡಿನ ಕೋಳಿಯನ್ನು ಸಂತೆಗೆ ಒಯ್ಯಕೂಡದು. ಎರಡನೆಯದು ಬಡವರಿಗೆ ಕಠಿಣವೆಂದು ನಾನು ಬಲ್ಲೆನು. ನಿಂತಿರುವ ಕೋಳಿ ನೂರಾರು ರೂಪಾಯಿ, ಬಿದ್ದ ಕೋಳಿ ಗುಂಡಿಗೆ. ಬರಿಯ ಬೆದರಿಕೆಯಿಂದ ಇದು ನಡೆಯದು. ಆ ಊರಿನಲ್ಲಿ ಸಂಘದ ನಿಧಿಯಿಂದ, ರೋಗ ಬಂದ ಮನೆಯವರಿಗೆ ಮರಿಮಾಡಿಸಿಕೊಳ್ಳುವುದಕ್ಕೆ ಒಂದು ಕಾವಿನ ಮೊಟ್ಟೆಗಳನ್ನು ಬಿಟ್ಟಿಯಾಗಿ ಕೊಡುವುದೆಂದು ಮಾಡಿಕೊಂಡಿರುವರು. ಹೇಂಟೆಯು ಉಳಿಯದ ಮನೆಗೆ ನೆರೆಯವರ ಕಾವುಗೋಳಿಯನ್ನು ಪಾಲಿಗೆ ಕೊಡುವರು, ಹುಟ್ಟಿದ ಮರಿಗಳಲ್ಲಿ ಅರ್ಧ ಅರ್ಧ. ಆ ಮೇಲೆ ಸಂತೆಗೆ ಹೊರುವುದು ನಿಂತಿತು. ಸತ್ತ ಕೋಳಿಗಳನ್ನು ಕೆರೆಗೂ ಹಳ್ಳಕ್ಕೂ ಎಸೆಯದೆ ಎರಡು ಮೂರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚುವುದಕ್ಕೆ ಪಂಚಾಯಿತಿಯು ಸ್ಥಳವನ್ನು ತೋರಿಸಿದೆ.

ಕೋಳಿಗಳು ಇದ್ದಕ್ಕಿದ್ದಂತೆ ಒಟ್ಟಿಗೆ ಸತ್ತರೆ ಕೊಕ್ಕರೆ ರೋಗವೆಂದು ತಾವೇ ತೀರ್ಮಾನಿಸಿ ಸುಮ್ಮನಿರಕೂಡದು. ಹಕ್ಕಿಜ್ವರವೂ ಹೊರನೋಟಕ್ಕೆ ಹೀಗೆಯೇ ಇರುವುದು, ಅದು ಮನುಷ್ಯರಿಗೂ ತಗುಲಬಲ್ಲದು. 2025ನೆಯ ಇಸವಿಯ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಯಲ್ಲಿ ಅದು ಕಂಡುಬಂದಿತು. ಪಶುವೈದ್ಯರಿಗೆ ಕೂಡಲೇ ತಿಳಿಸಬೇಕು. ಸತ್ತುದನ್ನು ಬರಿಗೈಯಲ್ಲಿ ಮುಟ್ಟಕೂಡದು, ಅಡಿಗೆಗೆ ಉಪಯೋಗಿಸಕೂಡದು.

ಈ ವರ್ಷದ ಕೆಲಸಕ್ಕೆ ಆ ಊರಿನವರು ದೀಪಾವಳಿಯ ಮಳೆ ನಿಂತ ಮೇಲೆ ಮೊಟ್ಟೆಗಳನ್ನು ಕಾವಿಗಿಟ್ಟರು. ಹಾಗೆ ಇಟ್ಟರೆ ಮರಿಗಳು ಮಳೆಯ ಥಂಡಿಗೂ ಸಿಕ್ಕುವುದಿಲ್ಲ, ಪುಷ್ಯ ಮಾಸದ ಹೊತ್ತಿಗೆ ಆರು ವಾರ ದಾಟಿ ಸೂಜಿಗೆ ಸಿದ್ಧವಾಗಿರುವುವು ಎಂಬುದು ಆ ಸೊಸೆಯ ಲೆಕ್ಕ. ಪಟ್ಟಿಯನ್ನು ಓದುವ ಸಾಯಂಕಾಲ ನಾನು ಅಲ್ಲಿದ್ದೆನು. ಹೆಸರುಗಳೆಲ್ಲಾ ಮುಗಿದ ಮೇಲೆ, ಹಿಂದೆ ಹತ್ತೊಂಬತ್ತು ಕೋಳಿಗಳನ್ನು ಕಳೆದುಕೊಂಡಿದ್ದ ಹಿರಿಯಳು, ಹೊಳೆಯ ಆಚೆಯ ದಡದ ಹಟ್ಟಿಯವರ ಹೆಸರೇಕೆ ಇಲ್ಲವೆಂದು ಕೇಳಿದಳು. ಅದು ಬೇರೆ ಪಂಚಾಯಿತಿಗೆ ಸೇರಿದುದೆಂದು ಸದಸ್ಯರು ಹೇಳಿದರು. “ಸಂತೆ ಒಂದೇ ಅಲ್ಲವೇ?” ಎಂದಳು. ಸದಸ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಜೇಬಿನಿಂದ ಪೆನ್ನು ತೆಗೆದು, ಪಟ್ಟಿಯ ಕೆಳಗಡೆ ಹಟ್ಟಿಯ ಹನ್ನೊಂದು ಮನೆಗಳನ್ನು ಬರೆದುಕೊಂಡರು. ಬೆಳಿಗ್ಗೆ ಹೊಳೆ ದಾಟಿ ಹೋಗಿ ಹೇಳಿಬರುವುದಕ್ಕೆ ಇಬ್ಬರನ್ನು ಗೊತ್ತುಮಾಡಿದರು.